ಮೂರ್ಛೆರೋಗದ ಚಿಕಿತ್ಸೆ: ತಜ್ಞರ ವಿದ್ಯೆ ಊರಿನ ವೈದ್ಯರ ಕೈಗೆ ಬರಲಿ

ರಾಯಚೂರಿನ ರಾಜೇಂದ್ರ ಗಂಜಿಗೆ ಭತ್ತ, ಹತ್ತಿ, ತೊಗರಿಯನ್ನು ಕಳುಹಿಸುವ ಊರುಗಳಲ್ಲಿ ಮಾನ್ವಿ, ದೇವದುರ್ಗ ಹಾಗೂ ಮಲ್ಲಟದ ಸುತ್ತಮುತ್ತಲಿನ ಹಳ್ಳಿಗಳೂ ಸೇರಿವೆ. ಸರಕು ಬರುವ ದಾರಿಯಲ್ಲೇ ಅಕ್ಕಿ ಗಿರಣಿ, ಜಿನ್ನಿಂಗ್ ಕಾರ್ಖಾನೆ ಹಾಗೂ ಅಡತಿ ಅಂಗಡಿಗಳಿಗೆ ಕೆಲಸಗಾರರೂ ಬರುತ್ತಾರೆ. ಅವರಲ್ಲೊಬ್ಬನಿಗೆ ತಿರುಗುತ್ತಿರುವ ಯಂತ್ರದ ಪಕ್ಕದಲ್ಲಿ ಫಿಟ್ಸ್ ಬಂದರೆ ಆಗಬಹುದಾದ ಅನಾಹುತವನ್ನು ಗಿರಣಿ ಮಾಲೀಕರಿಗೆ ವಿವರಿಸಬೇಕಾಗಿಲ್ಲ. ಕೆಲಸ ಹೋಗುವುದೆಂಬ ಭಯದಿಂದ ಕಾರ್ಮಿಕನು ಕಾಯಿಲೆಯನ್ನು ಮುಚ್ಚಿಡುತ್ತಾನೆ. ಮುಚ್ಚಿಟ್ಟ ಕಾಯಿಲೆಗೆ ಔಷಧ ದೊರೆಯುವುದಿಲ್ಲ. ಔಷಧವಿಲ್ಲದೆ ಫಿಟ್ಸ್ ಮರುಕಳಿಸುತ್ತದೆ. ಈ ಸುಳಿಯನ್ನು ಮುರಿಯಬಲ್ಲವನು ಊರಿಗೆ ಹತ್ತಿರದಲ್ಲಿರುವ, ಈ ರೋಗದ ಬಗ್ಗೆ ತರಬೇತಿ ಪಡೆದ ವೈದ್ಯ.

ರೋಗದ ಪ್ರಮಾಣ

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗವಿದೆ. ಸರಿಯಾಗಿ ಗುರುತಿಸಿ ಚಿಕಿತ್ಸೆ ನೀಡಿದಲ್ಲಿ ಅವರಲ್ಲಿ ಶೇ. 70ರವರೆಗಿನ ಮಂದಿ ಫಿಟ್ಸ್ ಇಲ್ಲದೆ ಬಾಳಬಲ್ಲರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಡಾ. ಎಂ. ಗೌರಿದೇವಿ ಮತ್ತು ಸಂಗಡಿಗರು ಬೆಂಗಳೂರು ನಗರ ಹಾಗೂ ಗ್ರಾಮಾಂತರ ಪ್ರದೇಶಗಳಲ್ಲಿ ಒಂದು ಲಕ್ಷಕ್ಕೂ ಮೀರಿದ ಜನರನ್ನು ಸಮೀಕ್ಷಿಸಿ 2004ರಲ್ಲಿ ವರದಿ ಪ್ರಕಟಿಸಿದರು. ಅದರಂತೆ ಮೂರ್ಛೆರೋಗದ ಪ್ರಮಾಣ ನಗರದಲ್ಲಿ ಸಾವಿರಕ್ಕೆ 5.7 ಇದ್ದರೆ, ಹಳ್ಳಿಗಳಲ್ಲಿ 11.9 ಇತ್ತು. ಅಂದರೆ ರೋಗ ಹಳ್ಳಿಯಲ್ಲಿ ಇಮ್ಮಡಿ. ತಜ್ಞರಿರುವುದು ಮಾತ್ರ ನಗರದಲ್ಲಿ. ಇದೇ ದರವನ್ನು ಐದು ಸಾವಿರ ಜನಸಂಖ್ಯೆಯ ಒಂದು ಊರಿಗೆ ಅನ್ವಯಿಸಿದರೆ ಸುಮಾರು 60 ಮಂದಿ ರೋಗಿಗಳು ಎಂಬ ಲೆಕ್ಕ ಬರುತ್ತದೆ.

ತಜ್ಞ ವೈದ್ಯನಾಗಲು ಎಷ್ಟು ಕಾಲ?

ಸಾಮಾನ್ಯ ಕ್ರಮದಲ್ಲಿ ಎಂ.ಬಿ.ಬಿ.ಎಸ್. ಪದವಿಗೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ, ಎಂ.ಡಿ.ಗೆ ಮೂರು ವರ್ಷ, ನರರೋಗಶಾಸ್ತ್ರದ ಡಿ.ಎಂ. ಪದವಿಗೆ ಮತ್ತೆ ಮೂರು ವರ್ಷ. ಒಟ್ಟು ಹನ್ನೊಂದೂವರೆ ವರ್ಷಗಳು. ಮೂರ್ಛೆರೋಗದಲ್ಲೇ ವಿಶೇಷ ಪರಿಣತಿ ಬಯಸುವವರಿಗೆ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಂತಹ ಕಡೆ ಅದರ ಮೇಲೆ ಫೆಲೋಶಿಪ್ ತರಬೇತಿಯೂ ಇದೆ. ಮಾತ್ರೆಗೆ ಬಗ್ಗದ ರೋಗ, ಶಸ್ತ್ರಚಿಕಿತ್ಸೆಯ ನಿರ್ಧಾರ, ಇ.ಇ.ಜಿ.ಯ ಸೂಕ್ಷ್ಮ ವಿಶ್ಲೇಷಣೆ ಇವುಗಳಿಗೆ ಇಂತಹ ತಜ್ಞರು ಅನಿವಾರ್ಯ. ಆದರೆ ಇಷ್ಟು ದೀರ್ಘ ವ್ಯಾಸಂಗ ಮಾಡಿದವರು ಪ್ರತಿ ಹೋಬಳಿಗೂ ಬರುವರೆಂದು ಕಾಯುವುದು ವ್ಯವಹಾರಜ್ಞಾನವಲ್ಲ.

ಬಳ್ಳಾರಿ ಮತ್ತು ಯಳಂದೂರಿನ ಪಾಠ

ಇದಕ್ಕೆ ಪರಿಹಾರವನ್ನು ನೆರೆಯ ಬಳ್ಳಾರಿ ಜಿಲ್ಲೆಯೇ ತೋರಿಸಿತ್ತು. 1985ರಲ್ಲಿ ನಿಮ್ಹಾನ್ಸ್ ಸಂಸ್ಥೆಯು ಅಲ್ಲಿ ಜಿಲ್ಲಾ ಮಾನಸಿಕ ಆರೋಗ್ಯದ ಪ್ರಾಯೋಗಿಕ ಯೋಜನೆಯನ್ನು ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮಾನಸಿಕ ಕಾಯಿಲೆಗಳ ಜೊತೆಗೆ ಮೂರ್ಛೆರೋಗವನ್ನು ಗುರುತಿಸಿ ಚಿಕಿತ್ಸೆ ನೀಡಲು ತರಬೇತಿ ಕೊಡಲಾಯಿತು; ಕೇಂದ್ರಗಳಿಗೆ ಫಿನೋಬಾರ್ಬಿಟೋನ್, ಫೆನಿಟಾಯಿನ್ ಸೇರಿದಂತೆ ಕೆಲವೇ ಅಗತ್ಯ ಔಷಧಗಳನ್ನು ಒದಗಿಸಲಾಯಿತು. ಈ ಮಾದರಿಯ ಆಧಾರದ ಮೇಲೆಯೇ 1996ರಲ್ಲಿ ರಾಷ್ಟ್ರೀಯ ಮಟ್ಟದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡಿತು.

ನರರೋಗ ತಜ್ಞ ಡಾ. ಕೆ.ಎಸ್. ಮಣಿ ಮತ್ತು ಸಂಗಡಿಗರು ಇಂದಿನ ಚಾಮರಾಜನಗರ ಜಿಲ್ಲೆಯ ಯಳಂದೂರಿನಲ್ಲಿ ನಡೆಸಿದ ಅಧ್ಯಯನ 2001ರಲ್ಲಿ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾಯಿತು. ಕಡಿಮೆ ಬೆಲೆಯ ಇವೇ ಎರಡು ಮಾತ್ರೆಗಳಿಂದ ಹಳ್ಳಿಯಲ್ಲೇ ಮೂರ್ಛೆರೋಗವನ್ನು ಹತೋಟಿಗೆ ತರಬಹುದೆಂದು ಅದು ತೋರಿಸಿಕೊಟ್ಟಿತು.

2022ರಲ್ಲಿ ರಾಜ್ಯ ಸರ್ಕಾರವು ನಿಮ್ಹಾನ್ಸ್ ಸಹಯೋಗದಲ್ಲಿ ಕರ್ನಾಟಕ ಮಿದುಳು ಆರೋಗ್ಯ ಕಾರ್ಯಕ್ರಮವನ್ನು ಕೈಗೊಂಡಿತು. ಮೂರ್ಛೆರೋಗ, ಪಾರ್ಶ್ವವಾಯು, ತಲೆನೋವು, ಮರೆವಿನ ಕಾಯಿಲೆಗಳ ವಿಷಯದಲ್ಲಿ ಸರ್ಕಾರಿ ವೈದ್ಯರಿಗೆ ತರಬೇತಿ ನೀಡುವುದು ಅದರ ಮುಖ್ಯ ಭಾಗ.

ತರಬೇತಿಯಲ್ಲಿ ಕಲಿಯಬೇಕಾದುದೇನು?

ಮೊದಲನೆಯದು, ತಲೆಸುತ್ತಿ ಬೀಳುವುದಕ್ಕೂ ಫಿಟ್ಸ್‌ಗೂ ಇರುವ ವ್ಯತ್ಯಾಸ. ಕಣ್ಣಾರೆ ಕಂಡವರ ಹೇಳಿಕೆ ಇಲ್ಲಿ ದುಬಾರಿ ಪರೀಕ್ಷೆಗಿಂತ ಹೆಚ್ಚು ಉಪಯುಕ್ತ. ಮೊಬೈಲಿನಲ್ಲಿ ತೆಗೆದ ವಿಡಿಯೋ ಕೂಡ ನೆರವಾಗುತ್ತದೆ. ಎರಡನೆಯದು, ತಕ್ಕ ಪ್ರಮಾಣದಲ್ಲಿ ಒಂದೇ ಔಷಧದಿಂದ ಆರಂಭಿಸಿ ರೋಗಿಯನ್ನು ಬೆನ್ನುಹತ್ತಿ ನೋಡಿಕೊಳ್ಳುವುದು. ಮೂರನೆಯದು, ಯಾವ ಔಷಧ ಯಾರಿಗೆ ಸಲ್ಲದು ಎಂಬ ತಿಳಿವು. ವಾಲ್ಪ್ರೋಯೇಟ್ ಔಷಧವು ಗರ್ಭದಲ್ಲಿರುವ ಮಗುವಿಗೆ ಹಾನಿಕರವಾದ್ದರಿಂದ ತಾಯಿಯಾಗುವ ವಯಸ್ಸಿನವರಲ್ಲಿ ವಿಶೇಷ ಎಚ್ಚರ ಬೇಕು. ನಾಲ್ಕನೆಯದು, ಯಾರನ್ನು ಯಾವಾಗ ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕೆಂಬ ನಿರ್ಧಾರ.

ಇಷ್ಟನ್ನು ಬಲ್ಲ ವೈದ್ಯ ಹತ್ತಿರದಲ್ಲಿದ್ದರೆ ಉಳಿತಾಯ ಯಾರಿಗೆ? ಬೆಂಗಳೂರು ರಾಯಚೂರಿನಿಂದ ಸುಮಾರು 400 ಕಿ.ಮೀ. ರೋಗಿ ಮತ್ತು ಜೊತೆಗೊಬ್ಬರು ಹೋಗಿಬರಲು ಮೂರು ದಿನ ಹಿಡಿದರೂ ಆರು ಆಳಿನ ಕೂಲಿ ಹೋಯಿತು. ಪ್ರಯಾಣ, ಊಟ, ವಸತಿ ಬೇರೆ. ಈ ಖರ್ಚಿಗೆ ಹೆದರಿ ಎರಡನೆಯ ಭೇಟಿ ತಪ್ಪುತ್ತದೆ, ಮಾತ್ರೆ ನಿಲ್ಲುತ್ತದೆ. ಹಠಾತ್ತನೆ ನಿಂತ ಮಾತ್ರೆ ಪ್ರಾಣಕ್ಕೇ ಅಪಾಯ ತರಬಹುದು.

ವ್ಯಾಪಾರಿ ಸಮುದಾಯದ ಪಾತ್ರ

ರಾಯಚೂರಿಗೆ ಏಮ್ಸ್ ಬೇಕೆಂಬ ಹೋರಾಟ 2022ರ ಮೇ ತಿಂಗಳಲ್ಲಿ ಆರಂಭವಾಯಿತು. ಆ ಬೇಡಿಕೆ ನ್ಯಾಯವಾದುದು. ಆದರೆ ಎಂತಹ ಸಂಸ್ಥೆ ಬಂದರೂ ಮಲ್ಲಟದ ರೋಗಿಯನ್ನು ಮೊದಲು ನೋಡುವವನು ಸಮೀಪದ ವೈದ್ಯನೇ. 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ (ರಿಮ್ಸ್) ಜಿಲ್ಲೆಯಲ್ಲೇ ಇದೆ. ತಾಲ್ಲೂಕಿನ ಸರ್ಕಾರಿ ಹಾಗೂ ಖಾಸಗಿ ವೈದ್ಯರಿಗೆ ತಜ್ಞರಿಂದ ತರಬೇತಿ ಏರ್ಪಡಿಸಲು ಅದರೊಡನೆ ಹಾಗೂ ಆರೋಗ್ಯ ಇಲಾಖೆಯೊಡನೆ ವಾಣಿಜ್ಯ ಸಂಸ್ಥೆಗಳು ಕೈಜೋಡಿಸಬಹುದು. ಸಭಾಂಗಣ, ಊಟೋಪಚಾರ, ಪ್ರಯಾಣದ ವೆಚ್ಚ ಹತ್ತಾರು ಸದಸ್ಯರು ಹಂಚಿಕೊಂಡರೆ ಹೊರೆಯಾಗದು. 2013ರ ಕಂಪನಿ ಕಾಯ್ದೆಯ ಸಾಮಾಜಿಕ ಹೊಣೆಗಾರಿಕೆಗೆ ಒಳಪಡುವ ಕಂಪನಿಗಳಿಗೆ ಆರೋಗ್ಯವು ಮಾನ್ಯವಾದ ವೆಚ್ಚದ ಬಾಬು.

ಔಷಧ ವ್ಯಾಪಾರಿಗಳ ಹೊಣೆಯೂ ಕಿರಿದಲ್ಲ. ದಾಸ್ತಾನು ಮುಗಿಯುವ ಮುನ್ನವೇ ಸರಕು ತರಿಸುವುದು ವ್ಯಾಪಾರದ ಮೊದಲ ಪಾಠ; ಮೂರ್ಛೆರೋಗದ ಮಾತ್ರೆಯ ವಿಷಯದಲ್ಲಿ ಅದು ಪ್ರಾಣರಕ್ಷಣೆಯ ಪಾಠವೂ ಹೌದು.

ಕಾರ್ಖಾನೆಯ ಮಾಲೀಕರು ಕಾಯಿಲೆ ತಿಳಿಸಿದವನನ್ನು ಮನೆಗೆ ಕಳುಹಿಸದೆ, ಬೆಲ್ಟು, ಬಾಯ್ಲರು, ಎತ್ತರದ ಕೆಲಸ ಹಾಗೂ ವಾಹನ ಚಾಲನೆಯಿಂದ ಬೇರೆ ಕೆಲಸಕ್ಕೆ ಹಾಕಬೇಕು. ವೈದ್ಯರ ಭೇಟಿಗೆ ರಜೆ ಕೊಡಬೇಕು. ಫಿಟ್ಸ್ ಬಂದವನನ್ನು ಯಂತ್ರದಿಂದ ದೂರ ಸರಿಸಿ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಬಾಯಿಗೆ ಏನನ್ನೂ ತುರುಕಬಾರದು. ಕೈಗೆ ಕಬ್ಬಿಣ ಕೊಡುವುದರಿಂದ ಪ್ರಯೋಜನವಿಲ್ಲ. ಐದು ನಿಮಿಷ ಮೀರಿದರೆ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು.

1999ರ ತಿದ್ದುಪಡಿಯ ಮೂಲಕ ವಿವಾಹ ಕಾನೂನುಗಳೇ ಮೂರ್ಛೆರೋಗದ ಕಳಂಕವನ್ನು ತೆಗೆದುಹಾಕಿದವು. ಅಲ್ಲಿಯವರೆಗೆ ಅದು ಮದುವೆಗೆ ಅಡ್ಡಿಯಾದ ಕಾಯಿಲೆಗಳ ಸಾಲಿನಲ್ಲಿತ್ತು. ಕಾನೂನಿನ ಪುಸ್ತಕದಿಂದ ಹೋದ ಆ ಮಾತು ಗಿರಣಿಯ ಹಾಜರಿ ಪುಸ್ತಕದಿಂದಲೂ ಹೋಗಬೇಕು. ಊರಿನಲ್ಲಿ ತರಬೇತಿ ಪಡೆದ ವೈದ್ಯ, ಅಂಗಡಿಯಲ್ಲಿ ತಪ್ಪದ ಮಾತ್ರೆ, ಕೆಲಸದಲ್ಲಿ ಭದ್ರತೆ ಈ ಮೂರೂ ಕೂಡಿದರೆ ಕಾರ್ಮಿಕನು ಕಾಯಿಲೆಯನ್ನು ಮುಚ್ಚಿಡಬೇಕಾದ ಕಾರಣವೇ ಉಳಿಯುವುದಿಲ್ಲ.