ಎಸಿ ಡಿಸ್‌ಪ್ಲೇ ಖಾಲಿಯೇ? ಮೆಕ್ಯಾನಿಕ್‌ಗೆ ಫೋನ್ ಮಾಡೋ ಮೊದಲು ಇಷ್ಟು ನೋಡಿ

ರಾಜಾಜಿನಗರ, ವಿಜಯನಗರ: ಕರೆಂಟ್ ಹೋಗಿ ಬಂದ ಮೇಲೆ ಮನೆ, ಅಂಗಡಿಯ ಎಸಿಯಲ್ಲಿ ನಂಬರ್ ಕಾಣುತ್ತಿಲ್ಲವೇ? ಗಾಬರಿ ಬೇಡ. ಸ್ಟೆಬಿಲೈಸರ್ ಇದ್ದರೆ ಮೂರ್ನಾಲ್ಕು ನಿಮಿಷ ಕಾಯಿರಿ; ಕಂಪ್ರೆಸರ್ ಉಳಿಯಲೆಂದೇ ಅದು ತಡವಾಗಿ ಕರೆಂಟ್ ಬಿಡುತ್ತದೆ. ಗಾಳಿ ಬರುತ್ತಿದ್ದು ನಂಬರ್ ಮಾತ್ರ ಇಲ್ಲವೆಂದರೆ ರಿಮೋಟಿನ ಡಿಸ್‌ಪ್ಲೇ ಬಟನ್ ಒತ್ತಿ, ಮಕ್ಕಳು ಆಫ್ ಮಾಡಿರ್ತಾರೆ. ರಿಮೋಟ್ ಪರದೆಯೇ ಖಾಲಿ ಇದ್ದರೆ ಎರಡೂ ಸೆಲ್ ಒಟ್ಟಿಗೆ ಬದಲಿಸಿ.

ಎಸಿಗೆ ಜೀವವೇ ಇಲ್ಲವಾ? ಎಂಸಿಬಿ ಕೆಳಗೆ ಬಿದ್ದಿದ್ದರೆ ಒಮ್ಮೆ ಎತ್ತಿ. ಮತ್ತೆ ಬಿದ್ದರೆ ಕೈ ಹಾಕಲೇಬೇಡಿ, ಎಲ್ಲೋ ಶಾರ್ಟ್ ಆಗಿರಬಹುದು, ಎಲೆಕ್ಟ್ರಿಷಿಯನ್ ಕರೆಸಿ. ಮನೆಯ ಲೈಟೆಲ್ಲ ಮಂಕಾಗಿದ್ದರೆ ಎಸಿ ಆಫ್ ಮಾಡಿ ಬೆಸ್ಕಾಂ ಸಹಾಯವಾಣಿ 1912ಕ್ಕೆ ತಿಳಿಸಿ.

ಇಷ್ಟಾದರೂ ಬಾರದಿದ್ದರೆ ಒಳಗಿನ ಬೋರ್ಡ್ ಹೋಗಿರಬಹುದು. ‘ಹೊಸದೇ ಹಾಕ್ಬೇಕು’ ಅಂದರೆ, ಹಳೇದು ರಿಪೇರಿ ಆಗುತ್ತಾ ಅಂತ ಕೇಳಿ, ರೇಟ್ ಮೊದಲೇ ಮಾತಾಡಿಕೊಳ್ಳಿ.