ಕೋಲನ್ನು ಒಪ್ಪಿಸುವ ದಿನ

ಜಪಾನಿನ ನಾಲ್ಕು ಮುಖ್ಯ ದ್ವೀಪಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಶಿಕೊಕು. ಆ ದ್ವೀಪವನ್ನು ಒಂದು ಸುತ್ತು ಬಂದು 88 ದೇಗುಲಗಳ ದರ್ಶನ ಮಾಡುವ ಪಾದಯಾತ್ರೆ ಮುಗಿಯುವುದು ಒಂದು ಬೆಟ್ಟದ ಮಗ್ಗುಲಲ್ಲಿ. 87ನೆಯ ದೇಗುಲವಾದ ನಾಗಾವೊಜಿ ಬಯಲಿನ ಪೇಟೆಯಲ್ಲಿದೆ. 88ನೆಯದಾದ ಓಕುಬೊಜಿ ಇರುವುದು ಕಾಡಿನ ನಡುವೆ, ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿ. ಇವೆರಡರ ನಡುವಿನ ಹದಿನೈದು ಹದಿನಾರು ಕಿಲೋಮೀಟರ್ ದಾರಿಯೇ ಯಾತ್ರಿಕರ ಕೊನೆಯ ದಿನ. ಅಷ್ಟರಲ್ಲಿ ನಲವತ್ತು ಐವತ್ತು ದಿನ ಕಳೆದು, ಸುಮಾರು 1,200 ಕಿಲೋಮೀಟರ್ ನಡೆದವರಿಗೆ ಈ ದೂರ ಹೆಚ್ಚೇನಲ್ಲ. ಆದರೂ ಈ ದಿನದ ಭಾರವೇ ಬೇರೆ. ಇಷ್ಟು ದಿನ ಕೈಬಿಡದೆ ಹಿಡಿದಿದ್ದ ಕೋಲನ್ನು ಅಂದು ಸಂಜೆಯೊಳಗೆ ಒಪ್ಪಿಸಿ ಅನೇಕರು ಬರಿಗೈಯಲ್ಲಿ ಹೊರಡುತ್ತಾರೆ.

ಈ ಯಾತ್ರಿಕರಿಗೆ ‘ಹೆನ್ರೊ’ ಎಂದು ಹೆಸರು. ದಾರಿಯಲ್ಲಿ ಎದುರಾದ ಊರಿನವರು ಗೌರವ ಸೇರಿಸಿ ‘ಓಹೆನ್ರೊ-ಸಾನ್’ ಎಂದು ಕರೆಯುತ್ತಾರೆ. ಬಿಳಿ ಅಂಗಿ, ಜೊಂಡುಹುಲ್ಲಿನ ಅಗಲ ಟೋಪಿ, ಹೆಗಲಿಗೊಂದು ಜೋಳಿಗೆ, ಕೈಯಲ್ಲೊಂದು ಕೋಲು: ವೇಷ ಇಷ್ಟೇ. ಟೋಪಿಯ ಮೇಲೂ ಕೋಲಿನ ಮೇಲೂ ನಾಲ್ಕಕ್ಷರದ ಒಂದು ಬರಹವಿರುತ್ತದೆ. ಅದನ್ನು ‘ದೋಗ್ಯೊ ನಿನಿನ್’ ಎಂದು ಓದುತ್ತಾರೆ. ಜೊತೆಯಾಗಿ ನಡೆಯುತ್ತಿರುವವರು ಇಬ್ಬರು ಎಂದು ಅರ್ಥ. ಒಬ್ಬರೇ ಹೊರಟವರ ಟೋಪಿಯ ಮೇಲೂ ಇದೇ ಬರಹ. ಎರಡನೆಯವರು ಸಾವಿರದ ಇನ್ನೂರು ವರ್ಷಗಳ ಹಿಂದಿನ ಸನ್ಯಾಸಿ ಕೂಕಾಯಿ. ಭಕ್ತರ ಬಾಯಲ್ಲಿ ಅವರು ಕೋಬೊ ದೈಶಿ, ಪ್ರೀತಿಯಿಂದ ‘ಓದೈಶಿ-ಸಾನ್’. ಅವರು ನಡೆಯುವುದು ಕೋಲಿನ ರೂಪದಲ್ಲಿ ಎಂಬುದು ನಂಬಿಕೆ.

ಈ ನಂಬಿಕೆ ಮಾತಿನಲ್ಲೇ ಉಳಿದಿಲ್ಲ, ದಿನದಿನದ ನಡವಳಿಕೆಯಲ್ಲಿ ಬೆರೆತಿದೆ. ಸಂಜೆ ವಸತಿ ಸೇರಿದ ಯಾತ್ರಿಕ ತನ್ನ ಕಾಲು ತೊಳೆಯುವ ಮೊದಲು ಕೋಲಿನ ತುದಿ ತೊಳೆಯುತ್ತಾನೆ, ಒರೆಸಿ ಕೋಣೆಯ ಗೌರವದ ಜಾಗದಲ್ಲಿ ನಿಲ್ಲಿಸುತ್ತಾನೆ. ಸೇತುವೆಯ ಮೇಲೆ ಕೋಲು ಊರುವುದಿಲ್ಲ. ಎಹಿಮೆ ಪ್ರಾಂತದ ಓಜು ಎಂಬ ಊರಿನಲ್ಲಿ ಯಾರ ಮನೆಯಲ್ಲೂ ಆಸರೆ ಸಿಗದೆ ಕೂಕಾಯಿ ಒಂದು ರಾತ್ರಿ ಸೇತುವೆಯ ಕೆಳಗೆ ಮಲಗಿದ್ದರಂತೆ. ಈಗಲೂ ಯಾವುದೋ ಸೇತುವೆಯ ಕೆಳಗೆ ಅವರು ನಿದ್ರಿಸುತ್ತಿರಬಹುದು, ಸದ್ದಿಗೆ ಎಚ್ಚರವಾದೀತು ಎಂಬ ಅಂಜಿಕೆ. ನೆಲಕ್ಕೆ ತಾಗಿ ತಾಗಿ ಕೋಲಿನ ತುದಿ ಕುಂಚದಂತೆ ಸಿಬಿರು ಎದ್ದರೆ ಅದನ್ನು ಕತ್ತಿಯಿಂದ ಕತ್ತರಿಸುವಂತಿಲ್ಲ. ಕಲ್ಲಿನ ಮೇಲೆ ಉಜ್ಜಿ ಸರಿಮಾಡಬೇಕು.

ಕೋಲಿನ ಮೇಲ್ತುದಿಯನ್ನು ಸಾಮಾನ್ಯವಾಗಿ ಬಟ್ಟೆಯಿಂದ ಮುಚ್ಚಿರುತ್ತಾರೆ. ಬಟ್ಟೆ ಸರಿಸಿದರೆ ಐದು ಹಂತಗಳ ಕೆತ್ತನೆ ಕಾಣುತ್ತದೆ: ಭೂಮಿ, ನೀರು, ಬೆಂಕಿ, ಗಾಳಿ, ಆಕಾಶ. ಕನ್ನಡದ ಓದುಗರಿಗೆ ವಿವರಿಸುವ ಅಗತ್ಯವೇ ಇಲ್ಲದ ಪಂಚಭೂತಗಳು ಇವು. ಜಪಾನಿನ ಹಳೆಯ ಸಮಾಧಿಕಲ್ಲುಗಳಿಗೂ ಇದೇ ಆಕಾರ. ಹಿಂದಿನ ಕಾಲದಲ್ಲಿ ಹಸಿವಿನಿಂದಲೋ ಕಾಯಿಲೆಯಿಂದಲೋ ದಾರಿಯಲ್ಲೇ ಸತ್ತ ಯಾತ್ರಿಕರನ್ನು ಸಿಕ್ಕ ಜಾಗದಲ್ಲಿ ಹೂಳಿ, ಗುರುತಿಗೆ ಅವರ ಕೋಲನ್ನೇ ನೆಡುತ್ತಿದ್ದರು. ತೊಟ್ಟ ಬಿಳಿ ಅಂಗಿಯೂ ಶವಕ್ಕೆ ಉಡಿಸುವ ಬಟ್ಟೆಯ ಬಣ್ಣದ್ದೇ. ಸಾವಿಗೆ ಸಿದ್ಧರಾಗಿ ಮನೆ ಬಿಟ್ಟವರು ಜೀವಂತವಾಗಿ ಕೊನೆಯ ದೇಗುಲ ಮುಟ್ಟುವುದೆಂದರೆ ಏನಾಗಿತ್ತು ಎಂಬುದು ಇದರಿಂದ ತಿಳಿಯುತ್ತದೆ.

ಕೂಕಾಯಿ ಹುಟ್ಟಿದ್ದು 774ರಲ್ಲಿ, ಇದೇ ದ್ವೀಪದ ಸಾನುಕಿ ಸೀಮೆಯಲ್ಲಿ. 804ರಲ್ಲಿ ಚೀನಾಕ್ಕೆ ಹೋಗಿ ರಾಜಧಾನಿ ಚಾಂಗಾನ್‌ನಲ್ಲಿ ಹುಯಿಗುವೊ ಎಂಬ ಗುರುವಿನಿಂದ ತಾಂತ್ರಿಕ ಬೌದ್ಧ ದೀಕ್ಷೆ ಪಡೆದರು. ವಾಯವ್ಯ ಭಾರತದ ಕಡೆಯಿಂದ ಅಲ್ಲಿಗೆ ಹೋಗಿದ್ದ ಪ್ರಜ್ಞನೆಂಬ ಭಿಕ್ಷುವಿನ ಬಳಿ ಸಂಸ್ಕೃತ ಕಲಿತರು. 806ರಲ್ಲಿ ಮರಳಿ ಬಂದು ಅವರು ಕಟ್ಟಿದ ಪಂಥದ ಹೆಸರು ‘ಶಿಂಗೊನ್’, ಅಂದರೆ ಮಂತ್ರ. ಹೋಮ ಅವರ ಬಾಯಲ್ಲಿ ‘ಗೋಮ’ ಆಯಿತು. ಸಿದ್ಧಂ ಲಿಪಿಯ ಬೀಜಾಕ್ಷರಗಳು ಇಂದಿಗೂ ಯಾತ್ರಿಕರ ಟೋಪಿಯ ಮೇಲಿವೆ. 816ರಲ್ಲಿ ಕೋಯಾ ಬೆಟ್ಟದಲ್ಲಿ ಮಠ ಕಟ್ಟಲು ಅರಸನ ಅನುಮತಿ ದೊರೆಯಿತು, 835ರಲ್ಲಿ ಅಲ್ಲೇ ಅವರ ಬಾಳು ಮುಗಿಯಿತು. ಮುಗಿಯಲಿಲ್ಲ, ಸಮಾಧಿಸ್ಥಿತಿಯಲ್ಲಿ ಕುಳಿತಿದ್ದಾರೆ ಎನ್ನುವುದು ಭಕ್ತರ ಮಾತು. ದ್ವೀಪದ ಯಾತ್ರೆಯನ್ನು ಅವರೇ ಆರಂಭಿಸಿದರು ಎಂಬ ಐತಿಹ್ಯವಿದ್ದರೂ, ದಾರಿ ರೂಪುಗೊಂಡದ್ದು ಮುಂದಿನ ಶತಮಾನಗಳಲ್ಲಿ ಅವರ ಹೆಜ್ಜೆ ಹುಡುಕಿ ಅಲೆದ ತಪಸ್ವಿಗಳಿಂದ. ಜನಸಾಮಾನ್ಯರು ಹೊರಡತೊಡಗಿದ್ದು ಎದೊ ಕಾಲದಲ್ಲಿ. ಶಿನ್ನೆನ್ ಎಂಬ ಸನ್ಯಾಸಿ 1687ರಲ್ಲಿ ಅಚ್ಚು ಹಾಕಿಸಿದ ದಾರಿ ಕೈಪಿಡಿ ಅವರಿಗೆ ದೊಡ್ಡ ಆಸರೆಯಾಯಿತು.

ದ್ವೀಪದ ನಾಲ್ಕು ಸೀಮೆಗಳಿಗೆ ಯಾತ್ರೆಯ ನಾಲ್ಕು ಘಟ್ಟಗಳ ಹೆಸರಿದೆ. ತೊಕುಶಿಮಾದ 23 ದೇಗುಲಗಳು ಸಂಕಲ್ಪ ಹುಟ್ಟುವ ನೆಲ. ಕೋಚಿಯ 16 ಸಾಧನೆಯ ನೆಲ. ಎಹಿಮೆಯ 26 ಬೋಧಿಯ ನೆಲ. ಕಾಗಾವಾದ 23 ನಿರ್ವಾಣದ ನೆಲ. ಕೋಚಿಯಲ್ಲಿ ದೇಗುಲಗಳು ಕಡಿಮೆ, ನಡುವಿನ ದೂರ ಹೆಚ್ಚು. ಕಡಲ ತೀರದಲ್ಲಿ ದಿನಗಟ್ಟಲೆ ನಡೆದರೂ ಒಂದು ಗೋಪುರ ಕಾಣುವುದಿಲ್ಲ. ಕಾಗಾವಾದಲ್ಲಿ ಹಾಗಲ್ಲ, ಒಂದೇ ದಿನದಲ್ಲಿ ನಾಲ್ಕೈದು ದೇಗುಲ ಸಿಗುವುದೂ ಉಂಟು. ಹಾಗಾಗಿ ಕೊನೆಯ ವಾರ ಓಡುವಂತೆ ಕಳೆದುಹೋಗುತ್ತದೆ, ನಾಗಾವೊಜಿಯ ಬಾಗಿಲಿಗೆ ಬಂದು ನಿಂತಾಗ ಮಾತ್ರ ಇನ್ನುಳಿದಿರುವುದು ಒಂದೇ ಎಂಬ ಅರಿವು ತಟ್ಟುತ್ತದೆ.

ನಾಗಾವೊ ಸಣ್ಣ ರೈಲಿನ ಕೊನೆಯ ನಿಲ್ದಾಣವಿರುವ ಶಾಂತ ಪೇಟೆ. ವೀರ ಯೋಶಿತ್ಸುನೆಯ ಪ್ರೇಯಸಿಯಾಗಿದ್ದ ನರ್ತಕಿ ಶಿಜುಕಾ ಗೋಜೆನ್ ಎಲ್ಲವನ್ನೂ ಕಳೆದುಕೊಂಡ ಮೇಲೆ ಇಲ್ಲಿಯೇ ತಲೆ ಬೋಳಿಸಿ ಸನ್ಯಾಸಿನಿಯಾದಳು ಎಂದು ಸ್ಥಳಪುರಾಣ ಹೇಳುತ್ತದೆ. ಬೆಳಗ್ಗೆ ಇಲ್ಲಿ ಪೂಜೆ ಮುಗಿಸಿ ದಕ್ಷಿಣಕ್ಕೆ ಹೊರಟರೆ ಗದ್ದೆಗಳು ಹಿಂದೆ ಸರಿದು ಬೆಟ್ಟಗಳು ಹತ್ತಿರವಾಗುತ್ತವೆ. ಸುಮಾರು ಐದು ಕಿಲೋಮೀಟರ್ ದೂರದಲ್ಲಿ, ಮಾಯೆಯಾಮಾ ಅಣೆಕಟ್ಟಿನ ಬಳಿ, ಯಾತ್ರಿಕರಿಗೆಂದೇ ಒಂದು ಭವನವಿದೆ. ಹಳೆಯ ನಕ್ಷೆಗಳು, ಪ್ರತಿ ದೇಗುಲದಲ್ಲೂ ಮುದ್ರೆ ಹಾಕಿಸಿಕೊಳ್ಳುವ ಮುದ್ರೆಪುಸ್ತಕಗಳು, ಹಿಂದಿನವರು ಬಳಸಿದ ಸಾಮಾನುಗಳು ಅಲ್ಲಿನ ಪ್ರದರ್ಶನದಲ್ಲಿವೆ. ನಡೆದು ಅಥವಾ ಸೈಕಲ್ಲಿನಲ್ಲಿ ಸುತ್ತು ಮುಗಿಸುತ್ತಿರುವವರು ಹೆಸರು ಬರೆಸಿದರೆ ಒಂದು ಪ್ರಮಾಣಪತ್ರ ಕೊಡುತ್ತಾರೆ. ತಿಂಗಳಿಗೂ ಮೀರಿ ಒಬ್ಬರೇ ನಡೆದವರಿಗೆ ಅಲ್ಲಿನವರು ಒಂದು ಬಟ್ಟಲು ಚಹಾ ಮುಂದಿಟ್ಟು ಎಲ್ಲಿಂದ ಬಂದಿರಿ ಎಂದು ಕೇಳುವುದೇ ಆ ಪತ್ರಕ್ಕಿಂತ ದೊಡ್ಡದು.

ಹೀಗೆ ಯಾತ್ರಿಕರಿಗೆ ಕೊಡುವುದಕ್ಕೆ ‘ಓಸೆತ್ತಾಯಿ’ ಎನ್ನುತ್ತಾರೆ. ಕಿತ್ತಳೆ, ಅನ್ನದ ಉಂಡೆ, ಬಿಡಿ ನಾಣ್ಯ, ಒಂದು ರಾತ್ರಿಯ ಆಸರೆ, ಏನೂ ಆಗಬಹುದು. ಕೊಟ್ಟದ್ದನ್ನು ಬೇಡ ಎನ್ನಬಾರದು. ಕೊಡುವವರು ಯಾತ್ರಿಕರ ಮೂಲಕ ದೈಶಿಗೇ ಅರ್ಪಿಸುತ್ತಿದ್ದಾರೆ, ಯಾತ್ರೆಯ ಪುಣ್ಯದಲ್ಲಿ ಅವರಿಗೂ ಪಾಲಿದೆ. ಪಡೆದವರು ತಮ್ಮ ಹೆಸರು ಬರೆದ ಚೀಟಿಯನ್ನು ಮರಳಿ ಕೊಡುತ್ತಾರೆ. ಕೊನೆಯ ದಿನ ಜೋಳಿಗೆಯಲ್ಲಿ ಉಳಿದ ಚೀಟಿಗಳನ್ನು ಎಣಿಸಿದರೆ ದಾರಿಯಲ್ಲಿ ಎಷ್ಟು ಜನ ಕೈ ನೀಡಿದರು ಎಂಬ ಅಂದಾಜು ಸಿಗುತ್ತದೆ.

ಮಾಯೆಯಾಮಾದಿಂದ ಮುಂದೆ ದಾರಿ ಕವಲೊಡೆಯುತ್ತದೆ. ಡಾಂಬರು ರಸ್ತೆ ಹಿಡಿದು ಸುಲಭವಾಗಿಯೂ ಹೋಗಬಹುದು. ಆದರೆ ಗಟ್ಟಿ ಕಾಲಿನವರಲ್ಲಿ ಅನೇಕರು ಆರಿಸಿಕೊಳ್ಳುವುದು ನ್ಯೊತಾಯ್ ಬೆಟ್ಟದ ಕಾಲ್ದಾರಿ. ಅದರ ನೆತ್ತಿ ಸುಮಾರು 770 ಮೀಟರ್ ಎತ್ತರ. ಕಾಡಿನೊಳಗೆ ಏರುತ್ತಾ ಹೋದ ದಾರಿ ನೆತ್ತಿ ಸಮೀಪಿಸಿದಂತೆ ಬಂಡೆಯಾಗುತ್ತದೆ. ಅಲ್ಲಿ ಎರಡೂ ಕೈ ಊರಿ ಹತ್ತಬೇಕು. ಸಾವಿರ ಕಿಲೋಮೀಟರ್ ಆಸರೆಯಾಗಿದ್ದ ಕೋಲು ಇಲ್ಲಿ ಅಡ್ಡ ಬರುತ್ತದೆ. ಯಾತ್ರಿಕರು ಅದನ್ನು ಮೇಲಿನ ಮೆಟ್ಟಿಲಿಗೆ ಮೊದಲು ಮಲಗಿಸಿ, ಆಮೇಲೆ ತಾವು ಹತ್ತಿ, ಮತ್ತೆ ಎತ್ತಿಕೊಂಡು ಮುಂದಿನ ಬಂಡೆಗೆ ಸಾಗಿಸಬೇಕಾಗುತ್ತದೆ. ಯಾತ್ರೆಯ ಉದ್ದಕ್ಕೂ ಹೊತ್ತವರು ಯಾರು, ಹೊರಿಸಿಕೊಂಡವರು ಯಾರು ಎಂಬುದು ಆ ಹತ್ತು ನಿಮಿಷದಲ್ಲಿ ತಿರುವುಮುರುವಾಗುತ್ತದೆ. ನೆತ್ತಿಯ ಮೇಲೆ ನಿಂತು ಉತ್ತರಕ್ಕೆ ನೋಡಿದರೆ ಸಾನುಕಿ ಬಯಲು, ಬೋರಲು ಹಾಕಿದ ಬಟ್ಟಲುಗಳಂಥ ಗುಡ್ಡಗಳು, ಅವುಗಳಾಚೆ ಸೆತೊ ಒಳಗಡಲು. ಇಲ್ಲಿಂದ ದಾರಿಯೆಲ್ಲ ಇಳಿಜಾರು. ಮರಗಳ ನಡುವಿನ ಮೆಟ್ಟಿಲು ಇಳಿದಂತೆ ಗಂಟೆಯ ಸದ್ದು, ಊದುಬತ್ತಿಯ ವಾಸನೆ ಮೊದಲು ಬರುತ್ತವೆ, ದೇಗುಲ ಆಮೇಲೆ ಕಾಣುತ್ತದೆ.

ಓಕುಬೊಜಿಯ ಮೂಲಮೂರ್ತಿ ಯಾಕುಶಿ, ಅಂದರೆ ಭೈಷಜ್ಯಗುರು, ರೋಗ ನೀಗಿಸುವ ಬುದ್ಧ. ಬೇರೆಡೆ ಈ ಮೂರ್ತಿಯ ಕೈಯಲ್ಲಿ ಔಷಧದ ಕರಂಡಕವಿದ್ದರೆ ಇಲ್ಲಿ ಶಂಖವಿದೆ ಎಂದು ಹೇಳುತ್ತಾರೆ. ಕೋಯಾ ಬೆಟ್ಟಕ್ಕೆ ಹೆಂಗಸರ ಪ್ರವೇಶ ನಿಷಿದ್ಧವಾಗಿದ್ದ ಕಾಲದಲ್ಲಿ ಈ ದೇಗುಲ ಅವರಿಗೆ ತೆರೆದಿತ್ತು, ಅದಕ್ಕೇ ‘ಹೆಂಗಸರ ಕೋಯಾ’ ಎಂಬ ಹೆಸರೂ ಬಂತು. ಪೂಜೆಯ ಕ್ರಮ ಹಿಂದಿನ 87ರಲ್ಲಿ ಇದ್ದದ್ದೇ: ಕೈ ಬಾಯಿ ತೊಳೆಯುವುದು, ಒಮ್ಮೆ ಗಂಟೆ ಬಾರಿಸುವುದು, ಮೊಂಬತ್ತಿ ಒಂದು, ಊದುಬತ್ತಿ ಮೂರು, ಹೆಸರಿನ ಚೀಟಿ, ಕಾಣಿಕೆ, ಆಮೇಲೆ ಪ್ರಜ್ಞಾಪಾರಮಿತಾ ಹೃದಯಸೂತ್ರದ ಪಠಣ. ಮುಖ್ಯಗುಡಿಯಲ್ಲಿ ಒಮ್ಮೆ, ದೈಶಿಯ ಗುಡಿಯಲ್ಲಿ ಮತ್ತೊಮ್ಮೆ. ಮೊದಲ ದಿನ ಪುಸ್ತಕ ನೋಡಿ ತಡವರಿಸಿದ್ದ ನಾಲಗೆಗೆ ಈಗ ಪುಸ್ತಕ ಬೇಕಿರುವುದಿಲ್ಲ.

ಮುದ್ರೆ ಹಾಕುವ ಕಚೇರಿ ಸಂಜೆ 5 ಗಂಟೆಗೆ ಮುಚ್ಚುತ್ತದೆ. ಬೆಟ್ಟದ ದಾರಿ ಹಿಡಿದವರು ಗಡಿಯಾರದ ಮೇಲೆ ಕಣ್ಣಿಡುವುದು ಇದಕ್ಕಾಗಿ. ಒಳಗೆ ಕುಳಿತವರು ಮುದ್ರೆಪುಸ್ತಕದಲ್ಲಿ ಈ ದೇಗುಲದ ಪುಟ ತೆರೆದು ಕೆಂಪು ಮುದ್ರೆಗಳನ್ನೊತ್ತಿ, ಅವುಗಳ ಮೇಲೆ ಕುಂಚದಿಂದ ದೇವರ ಹೆಸರು ಬರೆಯುತ್ತಾರೆ. ಮಸಿ ಎದುರು ಪುಟಕ್ಕೆ ತಾಗದಂತೆ ತೆಳು ಕಾಗದವಿಟ್ಟು ಮುಚ್ಚಿ ಕೊಡುತ್ತಾರೆ. ಇಷ್ಟಾದರೆ ‘ಕೆಚಿಗಾನ್’, ಹರಕೆ ತೀರಿದಂತೆ. ವ್ರತ ಹಿಡಿದವರು ಉದ್ಯಾಪನೆ ಮಾಡುವ ಹಾಗೆ ಇದು. ಆದರೆ ಸಮಾರಂಭ ಏನೂ ಇಲ್ಲ. ಯಾರೂ ಹಾರ ಹಾಕುವುದಿಲ್ಲ. ಕೇಳಿದವರಿಗೆ ಹಣ ಪಡೆದು ಪತ್ರವೊಂದನ್ನು ಬರೆದುಕೊಡುತ್ತಾರೆ, ಅಷ್ಟೇ.

ಉಳಿಯುವುದು ಕೋಲು. ಓಕುಬೊಜಿಯ ಆವರಣದಲ್ಲಿ ‘ಹೋಜೊದೊ’, ಅಂದರೆ ಪವಿತ್ರ ಕೋಲುಗಳ ಗುಡಿ ಎಂಬ ಕಟ್ಟಡವಿದೆ. ಯಾತ್ರೆ ಮುಗಿಸಿದವರು ಒಪ್ಪಿಸಿದ ಕೋಲುಗಳು ಅಲ್ಲಿ ಒತ್ತಾಗಿ ನಿಂತಿರುತ್ತವೆ. ಒಂದರ ತುದಿ ಬಿರಿದಿದೆ, ಇನ್ನೊಂದರ ಹಿಡಿಯ ಬಟ್ಟೆ ಬೆವರಿಗೆ ಕಪ್ಪಾಗಿದೆ, ಸವೆದು ಗೇಣುದ್ದ ಗಿಡ್ಡವಾದವೂ ಇವೆ. ಅಂಗಡಿಯಲ್ಲಿ ಕೊಂಡಾಗ ಎಲ್ಲವೂ ಒಂದೇ ಅಳತೆಯವು. ಇಲ್ಲಿ ಒಂದಕ್ಕೊಂದು ಹೋಲುವುದಿಲ್ಲ. ದೇಗುಲದವರು ಅವನ್ನು ಕೂಡಿಟ್ಟು ಬಯಲಿನಲ್ಲಿ ನಡೆಸುವ ಹೋಮದ ಬೆಂಕಿಗೆ ಅರ್ಪಿಸುತ್ತಾರೆ.

ಒಪ್ಪಿಸಲೇಬೇಕೆಂಬ ಕಟ್ಟಳೆಯಿಲ್ಲ. ಮನೆಗೆ ಒಯ್ದು ಬುದ್ಧಪೀಠದ ಬಳಿ ಇಟ್ಟುಕೊಂಡು, ತಾವು ತೀರಿಕೊಂಡಾಗ ಜೊತೆಗಿಡಿ ಎಂದು ಹೇಳಿಡುವವರೂ ಇದ್ದಾರೆ. ಬಿಡುವುದೋ ಒಯ್ಯುವುದೋ ಎಂದು ಗುಡಿಯ ಮುಂದೆ ಬಹಳ ಹೊತ್ತು ನಿಲ್ಲುವವರನ್ನು ಅರ್ಥಮಾಡಿಕೊಳ್ಳುವುದು ಕಷ್ಟವಲ್ಲ. ಗುಂಪಿನಲ್ಲಿ ಬಂದವರು ಪರಸ್ಪರ ಬೀಳ್ಕೊಡುತ್ತಾರೆ. ಒಬ್ಬರೇ ಬಂದವರಿಗೆ ಬೀಳ್ಕೊಡಲು ಇರುವುದು ಈ ಒಂದೇ. ಅದನ್ನು ಬಿಟ್ಟು ದೇಗುಲದ ದ್ವಾರ ದಾಟುವಾಗ ಬಲಗೈ ಅಭ್ಯಾಸಬಲದಿಂದ ಇಲ್ಲದ ಕೋಲನ್ನು ಊರಲು ಮುಂದಾಗುತ್ತದೆ.

ದ್ವಾರದ ಹೊರಗಿನ ಊಟದ ಅಂಗಡಿಗಳಲ್ಲಿ ‘ಉಚಿಕೋಮಿ ಉದೊನ್’ ಸಿಗುತ್ತದೆ. ದಪ್ಪ ಗೋಧಿ ಶಾವಿಗೆಯನ್ನು ಬೇರೆಯಾಗಿ ಬೇಯಿಸದೆ, ತರಕಾರಿಗಳ ಜೊತೆ ಮಿಸೊ ಸಾರಿನಲ್ಲೇ ಕುದಿಸಿದ ಅಡುಗೆ ಅದು. ಹಿಟ್ಟು ಕರಗಿ ಸಾರು ಗಟ್ಟಿಯಾಗಿರುತ್ತದೆ. ಬೆಟ್ಟ ಹತ್ತಿಳಿದವರಿಗೆ ಇದಕ್ಕಿಂತ ಹಿತವಾದದ್ದು ಬೇರೆ ಬೇಡ. ಕೆಳಗಿನ ಪೇಟೆಗೆ ಹೋಗುವ ಸಣ್ಣ ಬಸ್ಸು ದಿನಕ್ಕೆ ಕೆಲವೇ ಸಲ ಬರುವುದರಿಂದ ವೇಳೆ ಮೊದಲೇ ಕೇಳಿಟ್ಟುಕೊಳ್ಳಬೇಕು. ನಿಲ್ದಾಣದ ಬಳಿ ಪ್ರವಾಸಿ ಬಸ್ಸುಗಳೂ ನಿಂತಿರುತ್ತವೆ. 1953ರಲ್ಲಿ ಎಹಿಮೆಯ ಸಾರಿಗೆ ಸಂಸ್ಥೆಯೊಂದು ಯಾತ್ರಿಕರ ಬಸ್ಸು ಆರಂಭಿಸಿದ ಮೇಲೆ, ವಯಸ್ಸಾದವರಿಗೂ ಈ ಯಾತ್ರೆ ಕೈಗೆಟುಕಿತು.

ಆದರೆ ಎಲ್ಲರ ಯಾತ್ರೆಯೂ ಇಲ್ಲಿಗೇ ನಿಲ್ಲುವುದಿಲ್ಲ. ಅನೇಕರು ಇನ್ನೂ ಸುಮಾರು ನಲವತ್ತು ಕಿಲೋಮೀಟರ್ ನಡೆದು ಮೊದಲನೆಯ ದೇಗುಲವಾದ ರ್ಯೋಜೆಂಜಿಗೆ ಮರಳಿ, ದ್ವೀಪದ ಪ್ರದಕ್ಷಿಣೆಯನ್ನು ಪೂರ್ಣವಾಗಿಸುತ್ತಾರೆ. ರಾಜಗೃಹದ ಗೃಧ್ರಕೂಟ ಬೆಟ್ಟದ ಹೆಸರೇ ಆ ದೇಗುಲದ್ದು. ಕೆಲವರಿಗೆ ಅಲ್ಲಿಂದ ಎರಡನೆಯ ಸುತ್ತು ಶುರುವಾಗುತ್ತದೆ. ಹೆಸರಿನ ಚೀಟಿಯ ಬಣ್ಣವೇ ಸುತ್ತುಗಳ ಲೆಕ್ಕ ಹೇಳುತ್ತದೆ: ಮೊದಲ ನಾಲ್ಕು ಸುತ್ತಿಗೆ ಬಿಳಿ, ಐದರಿಂದ ಹಸಿರು, ಎಂಟರಿಂದ ಕೆಂಪು, 25ರಿಂದ ಬೆಳ್ಳಿ, 50ರಿಂದ ಚಿನ್ನ, ನೂರು ದಾಟಿದವರಿಗೆ ಜರತಾರಿ. 1922ರಲ್ಲಿ ತೀರಿಕೊಂಡ ನಾಕಾತ್ಸುಕಾಸಾ ಮೊಹೇ 280 ಸುತ್ತು ಬಂದರು. ಅವರು ನೆಡಿಸಿದ ದಾರಿಗಲ್ಲುಗಳು ಇಂದಿಗೂ ಕವಲುಗಳಲ್ಲಿ ಬೆರಳು ತೋರಿಸುತ್ತಿವೆ.

ಇನ್ನು ಹಲವರು ಕಡಲು ದಾಟಿ ಕೋಯಾ ಬೆಟ್ಟಕ್ಕೆ ಹೋಗುತ್ತಾರೆ. ಅಲ್ಲಿನ ಓಕುನೊಇನ್‌ನಲ್ಲಿ, ಎರಡು ಕಿಲೋಮೀಟರ್ ಉದ್ದ ದೇವದಾರುಗಳ ಕೆಳಗೆ ಸಾಲುಗಟ್ಟಿದ ಸಮಾಧಿಗಳನ್ನು ದಾಟಿ, ಕೊನೆಯ ಸೇತುವೆಯಾಚೆ ಕೂಕಾಯಿಯ ಸಮಾಧಿಮಂದಿರವಿದೆ. ಸಮಾಧಿಯಲ್ಲಿ ಕುಳಿತವರಿಗೆಂದು ದಿನಕ್ಕೆರಡು ಬಾರಿ ಊಟವನ್ನು ಇಂದಿಗೂ ಹೊತ್ತೊಯ್ಯುತ್ತಾರೆ. ಯಾತ್ರಿಕರು ಅಲ್ಲಿ ವರದಿ ಒಪ್ಪಿಸಿ, ಜೊತೆಗೆ ನಡೆದದ್ದಕ್ಕೆ ವಂದನೆ ಹೇಳುತ್ತಾರೆ. ಅನೇಕ ಮುದ್ರೆಪುಸ್ತಕಗಳಲ್ಲಿ ಮೊದಲ ಪುಟ ಮೀಸಲಿರುವುದು ಈ ಜಾಗಕ್ಕೇ. ಯಾತ್ರೆಯ ಉದ್ದಕ್ಕೂ ಖಾಲಿ ಉಳಿದಿದ್ದ ಆ ಪುಟಕ್ಕೆ ಎಲ್ಲ ಮುಗಿದ ಮೇಲೆ ಇಲ್ಲಿ ಮುದ್ರೆ ಬೀಳುತ್ತದೆ.