ಕೇಂಬ್ರಿಜ್‌ನ ಪಾದ್ರಿಗಳ ಹೆಬ್ಬೆರಳು

ಕಾಲಿನ ಹೆಬ್ಬೆರಳ ಬುಡದಲ್ಲಿ ಒಳಮಗ್ಗುಲಿಗೆ ಉಬ್ಬಿ ನಿಲ್ಲುವ ಗಂಟನ್ನು, ಅಂದರೆ ಬನ್ಯನ್ ಎಂಬ ವಿಕಾರವನ್ನು, ಹೈಹೀಲ್ಡ್ ಕಾಲದ ಹೆಣ್ಣುಮಕ್ಕಳ ಪಾಡೆಂದು ನಂಬಿದವರು 2021ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಕೇಂಬ್ರಿಜ್ ಸುತ್ತಮುತ್ತಲ ಸಮಾಧಿಗಳ ಅಧ್ಯಯನವನ್ನು ಅವಶ್ಯ ಗಮನಿಸಬೇಕು. ಜೆನ್ನಾ ಡಿಟ್ಮಾರ್, ಪಿಯರ್ಸ್ ಮಿಚೆಲ್ ಮೊದಲಾದ ಸಂಶೋಧಕರು ಪರೀಕ್ಷಿಸಿದ 177 ಅಸ್ಥಿಪಂಜರಗಳಲ್ಲಿ 11ರಿಂದ 13ನೆಯ ಶತಮಾನದವುಗಳ ಪೈಕಿ ಶೇ 6ರಷ್ಟರಲ್ಲಿ ಮಾತ್ರ ಈ ವಿಕಾರ ಕಂಡುಬಂದರೆ, 14 ಮತ್ತು 15ನೆಯ ಶತಮಾನದವುಗಳಲ್ಲಿ ಅದು ಶೇ 27ಕ್ಕೆ ಏರಿತ್ತು. ಊರ ಹೊರಗಿನ ರೈತಾಪಿ ಜನರ ಸ್ಮಶಾನದಲ್ಲಿ ಶೇ 3, ಬಡವರ ಚರ್ಚಿನ ಅಂಗಳದಲ್ಲಿ ಶೇ 10 ಇದ್ದದ್ದು, ಧನಿಕರನ್ನೂ ಸನ್ಯಾಸಿಗಳನ್ನೂ ಹೂಳುತ್ತಿದ್ದ ಆಗಸ್ಟೀನಿಯನ್ ಮಠದಲ್ಲಿ ಶೇ 43 ಆಗಿತ್ತು. ಪಾದ್ರಿಗಳೆಂದು ಗುರುತಿಸಲಾದ 11 ಮಂದಿಯಲ್ಲಿ ಐವರ ಹೆಬ್ಬೆರಳು ಓರೆಯಾಗಿತ್ತು.

ಸಂಶೋಧಕರ ಬೆರಳು ತೋರುವುದು ಪೂಲೇನ್ ಎಂಬ ಚೂಪುಮೂತಿಯ ಪಾದರಕ್ಷೆಯ ಕಡೆಗೆ. 14ನೆಯ ಶತಮಾನದಲ್ಲಿ ಶೋಕಿಯಾಗಿ ಹಬ್ಬಿದ ಈ ಜೋಡಿನ ತುದಿ ಬೆರಳಿನಿಂದ ಎಷ್ಟೋ ಮುಂದಕ್ಕೆ ಚಾಚಿರುತ್ತಿದ್ದು, ಅದು ಕುಸಿಯದಂತೆ ಒಳಗೆ ಪಾಚಿಯನ್ನು ತುರುಕುತ್ತಿದ್ದರು. ಆ ತುದಿಯನ್ನು ಬೆಳ್ಳಿಯ ಸರಪಳಿಯಿಂದ ಮೊಣಕಾಲಿಗೆ ಕಟ್ಟುತ್ತಿದ್ದರೆಂದು ಲಂಡನ್ನಿನ ಚರಿತ್ರಕಾರ ಜಾನ್ ಸ್ಟೋ 1598ರಲ್ಲಿ ಬರೆದಿದ್ದಾನಾದರೂ, ಆ ಶೋಕಿ ಶುರುವಾಗಿ ಇನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲಿನ ಈ ಮಾತು ನಂಬಲು ಕಷ್ಟವಾದಷ್ಟೇ ಕೇಳಲು ಚಂದ. ಮೂತಿ ಎರಡು ಅಂಗುಲ ಮೀರಿದರೆ ಪಾದ್ರಿಗಳ ಶಾಪದ ಜೊತೆಗೆ ಜೋಡಿಯೊಂದಕ್ಕೆ ಇಪ್ಪತ್ತು ಶಿಲಿಂಗ್ ದಂಡವೂ ಇತ್ತೆಂದು ಅವನೇ ದಾಖಲಿಸಿದ್ದಾನೆ. ನಾಲ್ಕನೆಯ ಎಡ್ವರ್ಡ್ ದೊರೆ 1463ರಲ್ಲಿ ಇಂಥ ಮಿತಿಯನ್ನು ಕಾನೂನಾಗಿ ತಂದದ್ದು ನಿಜ. ಸ್ವಾರಸ್ಯವಿರುವುದು ಶಾಪ ಹಾಕಬೇಕಿದ್ದವರ ಕಾಲಿನಲ್ಲಿಯೇ: ಚರ್ಚು 1215ರಲ್ಲಿ ಚೂಪುಮೂತಿಯ ಜೋಡನ್ನು ಪಾದ್ರಿಗಳಿಗೆ ನಿಷೇಧಿಸಿ, 1281 ಮತ್ತು 1342ರಲ್ಲಿ ಮತ್ತೆ ಆಜ್ಞೆ ಹೊರಡಿಸಬೇಕಾಗಿ ಬಂದದ್ದನ್ನು ನೋಡಿದರೆ, ಮೊದಲಿನ ಆಜ್ಞೆಗೆ ಸಿಕ್ಕ ಮರ್ಯಾದೆ ಎಷ್ಟೆಂಬುದು ತಿಳಿಯುತ್ತದೆ.

ನೂರಾರು ವರ್ಷ ಮಣ್ಣಿನಲ್ಲಿದ್ದ ಕಾಲುಗಳಲ್ಲಿ ಈ ವಿಕಾರವನ್ನು ಗುರುತಿಸಲು ಸಾಧ್ಯವಾದದ್ದು ಅದು ಮೂಲತಃ ಗಂಟಲ್ಲ, ಮೂಳೆಗಳ ವಾಲಿಕೆ ಎಂಬ ಕಾರಣದಿಂದ. ಹೆಬ್ಬೆರಳ ಹಿಂದಿರುವ ನೀಳಮೂಳೆ, ಅಂದರೆ ಮೊದಲನೆಯ ಮೆಟಟಾರ್ಸಲ್, ಒಳಮಗ್ಗುಲಿಗೆ ಸರಿಯುತ್ತದೆ. ಬೆರಳು ಕಿರುಬೆರಳ ದಿಕ್ಕಿಗೆ ವಾಲುತ್ತದೆ. ಎರಡರ ನಡುವಿನ ಕೀಲು ಹೊರಚಾಚಿ, ಜೋಡಿಗೆ ಉಜ್ಜಿ, ಅಲ್ಲಿನ ದ್ರವಚೀಲ ಊದಿಕೊಂಡಾಗ ಗಂಟು ಕಾಣುತ್ತದೆ. ಚರ್ಮವಷ್ಟೇ ದಪ್ಪಗಟ್ಟುವ ಆಣಿಗೂ ಇದಕ್ಕೂ ಸಂಬಂಧವಿಲ್ಲ. ವಾಲಿಕೆ 15 ಡಿಗ್ರಿ ಮೀರಿದರೆ ವೈದ್ಯರು ಅದನ್ನು ಹ್ಯಾಲಕ್ಸ್ ವ್ಯಾಲ್ಗಸ್ ಎನ್ನುತ್ತಾರೆ. ಒಮ್ಮೆ ಓರೆಯಾದ ಬೆರಳನ್ನು ಅದರ ಸ್ನಾಯುರಜ್ಜುಗಳೇ ಬಿಲ್ಲಿನ ಹೆದೆಯಂತೆ ಇನ್ನಷ್ಟು ಎಳೆಯುವುದರಿಂದ ಓರೆ ತಾನಾಗಿ ಹಿಂದಿರುಗುವುದಿಲ್ಲ. ನಡಿಗೆಯ ಸಮತೋಲಕ್ಕೂ ಇದರಿಂದ ಧಕ್ಕೆ: ಕೇಂಬ್ರಿಜ್‌ನಲ್ಲಿ 45 ದಾಟಿ ಸತ್ತವರ ಪೈಕಿ ಈ ವಿಕಾರವಿದ್ದವರಲ್ಲಿಯೇ ಬಿದ್ದು ಕೈಮೂಳೆ ಮುರಿದುಕೊಂಡ ಗುರುತುಗಳು ಹೆಚ್ಚು.

ಹಾಗೆಂದು ಎಲ್ಲ ತಪ್ಪನ್ನೂ ಜೋಡಿನ ಮೇಲೆ ಹೊರಿಸುವುದು ಅವಸರದ ತೀರ್ಪು. 1958ರ ಹಾಂಗ್‌ಕಾಂಗ್ ಸಮೀಕ್ಷೆಯೊಂದರಲ್ಲಿ ಶೂ ಧರಿಸುವವರಲ್ಲಿ ಶೇ 33, ಬರಿಗಾಲಿನವರಲ್ಲಿ ಸುಮಾರು ಶೇ 2 ಮಂದಿಗೆ ಈ ವಿಕಾರ ಕಂಡುಬಂದದ್ದು ದೊಡ್ಡ ಸಾಕ್ಷ್ಯವೇ ಸರಿ. ಆದರೆ ಬರಿಗಾಲಿನವರಲ್ಲಿಯೂ ಅದು ಪೂರ್ತಿ ಇಲ್ಲದಿಲ್ಲ; ಇಕ್ಕಟ್ಟಾದ ಶೂ ಧರಿಸಿದವರೆಲ್ಲರಿಗೂ ಅದು ಬರುವುದಿಲ್ಲ; ಅದಕ್ಕೆ ಅನುಕೂಲವಾದ ಪಾದರಚನೆ ವಂಶವಾಹಿಯಾಗಿ ಬರುತ್ತದೆಂದು ಅಮೆರಿಕದ ಫ್ರಾಮಿಂಗ್‌ಹ್ಯಾಮ್‌ನ ಪಾದ ಅಧ್ಯಯನ ತೋರಿಸಿದೆ.

ಚಿಕಿತ್ಸೆಯ ವಿಷಯದಲ್ಲಿ ಮಾರುಕಟ್ಟೆಯ ಭರವಸೆಗಳನ್ನು ಅನುಮಾನದಿಂದಲೇ ನೋಡಬೇಕು. ರಾತ್ರಿ ಕಟ್ಟಿಕೊಳ್ಳುವ ಪಟ್ಟಿ, ಬೆರಳ ಸಂದಿಯ ಸಿಲಿಕೋನ್ ತುಂಡು ಮುಂತಾದವು ನೋವನ್ನು ಒಂದಿಷ್ಟು ತಗ್ಗಿಸಬಹುದೇ ಹೊರತು ವಯಸ್ಕರಲ್ಲಿ ಓರೆಯಾದ ಮೂಳೆಯನ್ನು ಶಾಶ್ವತವಾಗಿ ನೇರಗೊಳಿಸಲಾರವು. 2001ರಲ್ಲಿ ಪ್ರಕಟವಾದ, 209 ರೋಗಿಗಳ ಫಿನ್ಲೆಂಡಿನ ಪ್ರಯೋಗದಲ್ಲಿ ಶೂ ಒಳಗಿಡುವ ಆಧಾರ ಅಲ್ಪಕಾಲದ ಆರಾಮ ಕೊಟ್ಟಿತಾದರೂ ವರ್ಷದ ಕೊನೆಗೆ ಮೇಲುಗೈ ಪಡೆದದ್ದು ಶಸ್ತ್ರಚಿಕಿತ್ಸೆಯೇ. ಮೂಳೆಯನ್ನು ಕತ್ತರಿಸಿ, ಸರಿಸಿ, ಸ್ಕ್ರೂ ಹಾಕಿ ಕೂಡಿಸುವ ಆಸ್ಟಿಯೊಟಮಿ ಅದರಲ್ಲಿ ಮುಖ್ಯವಾದದ್ದು. ಈವರೆಗೆ ನೂರಕ್ಕೂ ಮಿಕ್ಕ ವಿಧಾನಗಳು ವರ್ಣಿತವಾಗಿರುವುದೇ, ಯಾವುದೊಂದೂ ಎಲ್ಲರಿಗೂ ಒಗ್ಗುವುದಿಲ್ಲ ಎನ್ನುವುದಕ್ಕೆ ಪುರಾವೆ. ಶಸ್ತ್ರಚಿಕಿತ್ಸೆಯ ಅನಂತರ ಹಲವು ವಾರ ವಿಶೇಷ ಜೋಡು, ತಿಂಗಳುಗಟ್ಟಲೆ ಬಾವು, ಕೆಲವರಲ್ಲಿ ಓರೆ ಮರುಕಳಿಸುವ ಸಂಭವ ಇವೆಲ್ಲ ಇರುವುದರಿಂದ, ನೋವಿಲ್ಲದ ಪಾದವನ್ನು ಕೇವಲ ಅಂದಕ್ಕಾಗಿ ಕೊಯ್ಸಿಕೊಳ್ಳುವುದು ವಿವೇಕವಲ್ಲ. ಗಂಟು ಕಾಣಿಸಿದವರು ಮೊದಲು ಹಾಳೆಯ ಮೇಲೆ ನಿಂತು ಪಾದದ ಸುತ್ತ ಗೆರೆ ಎಳೆದು, ತಮ್ಮ ಶೂವನ್ನು ಅದರ ಮೇಲಿಟ್ಟು ನೋಡಲಿ. ಗೆರೆ ಹೊರಗುಳಿದರೆ ಆ ಶೂ ಬದಲಿಸಲಿ. ಮಧುಮೇಹದಿಂದ ಪಾದದ ಸ್ಪರ್ಶ ಕುಂದಿದವರು ಮಾತ್ರ, ಗಂಟಿನ ಮೇಲೆ ಸಣ್ಣ ಹುಣ್ಣಾದರೂ, ತಡಮಾಡದೆ ವೈದ್ಯರಿಗೆ ತೋರಿಸಬೇಕು.